ಅರ್ಧಕ್ಕೆ ನಿಂತ ಅಪ್‌ಡೇಟ್: ಶಾಲೆಯ ಲ್ಯಾಪ್‌ಟಾಪ್ ಏಳದಿದ್ದಾಗ

ಇಂಟರ್ನ್‌ಶಿಪ್‌ಗೆ ಹೋಗುವ ನಮ್ಮೆಲ್ಲರ ಪಾಠಯೋಜನೆಯಲ್ಲೂ ‘ಕಲಿಕೋಪಕರಣಗಳು’ ಎಂಬ ಅಂಕಣವಿರುತ್ತದೆ. ಅದರಲ್ಲಿ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಎಂದು ಧಾರಾಳವಾಗಿ ಬರೆಯುತ್ತೇವೆ. ಆ ಲ್ಯಾಪ್‌ಟಾಪ್ ಬೆಳಿಗ್ಗೆ ಏಳದೇ ಹೋದರೆ ಏನು ಮಾಡಬೇಕು ಎಂಬುದಕ್ಕೆ ಅಂಕಣವಿಲ್ಲ. ಶಾಲೆಗಳಲ್ಲಿ ಇಂಥ ಹೊತ್ತಿಗೆ ಎರಡು ಮಾತು ಕೇಳಿಬರುತ್ತವೆ. ಒಂದು, ‘ಮುಟ್ಟಬೇಡಿ, ಇನ್ನೂ ಕೆಟ್ಟುಹೋದೀತು’. ಇನ್ನೊಂದು, ‘ತಗೊಂಡು ಹೋಗಿ ಫಾರ್ಮ್ಯಾಟ್ ಹೊಡೆಸಿಬಿಡಿ’. ಈ ಎರಡರ ನಡುವೆ, ವಿಜ್ಞಾನ ಓದಿದ ಯಾರಾದರೂ ಮಾಡಬಹುದಾದ ಕೆಲಸ ಸಾಕಷ್ಟಿದೆ. ಕೊರಟಗೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನನ್ನ ಅಭ್ಯಾಸ ಬೋಧನೆಯ ಅವಧಿಯಲ್ಲಿ ಅಂಥ ಪ್ರಸಂಗವೊಂದು ಬಂತು. ಅದನ್ನು ಉದಾಹರಣೆಯಾಗಿಟ್ಟುಕೊಂಡು, ಅಪ್‌ಡೇಟ್ ಎಂದರೇನು, ಅದು ನಡುವೆ ಕೆಟ್ಟಾಗ ಒಳಗೆ ಏನಾಗಿರುತ್ತದೆ, ಯಾವ ಕ್ರಮದಲ್ಲಿ ಸರಿಪಡಿಸಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಅಪ್‌ಡೇಟ್ ಎಂಬ ಪದದ ಬಗ್ಗೆ. ನಾವು ಅದನ್ನು ಏನೋ ಹೊಸದು ಬಂದು ಸೇರಿಕೊಳ್ಳುವುದು ಎಂದುಕೊಳ್ಳುತ್ತೇವೆ. ನಿಜದಲ್ಲಿ ಅದು ಸೇರ್ಪಡೆಗಿಂತ ಬದಲಾವಣೆ. ಕಾರ್ಯಾಚರಣಾ ವ್ಯವಸ್ಥೆ ಎಂದರೆ ಒಂದನ್ನೊಂದು ನಂಬಿ ಕೆಲಸ ಮಾಡುವ ಸಾವಿರಾರು ಕಡತಗಳು. ಅವುಗಳಲ್ಲಿ ಕೆಲವು ನೂರನ್ನು ತೆಗೆದು, ಅದೇ ಹೆಸರಿನ ಹೊಸ ಕಡತಗಳನ್ನು ಅದೇ ಜಾಗದಲ್ಲಿ ಇಡಬೇಕು. ಹಳೆಯದು ಹಳೆಯದರ ಜೊತೆ ಹೊಂದಿಕೊಳ್ಳುತ್ತದೆ, ಹೊಸದು ಹೊಸದರ ಜೊತೆ. ಅರ್ಧ ಹಳೆಯದು ಅರ್ಧ ಹೊಸದು ಇದ್ದರೆ ಎರಡೂ ಕಡೆಯವರು ಮಾತಾಡಿಕೊಳ್ಳುವುದಿಲ್ಲ.

ಇದನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಹೇಳಬೇಕಾಗಿ ಬಂದಾಗ ಒಂದು ಚಟುವಟಿಕೆ ಮಾಡಿಸಿದೆ. ಹತ್ತು ನಿಮಿಷ ಸಾಕು, ಖರ್ಚಿಲ್ಲ, ಬೇಕಾದವರು ತಮ್ಮ ಪಾಠಯೋಜನೆಗೆ ಸೇರಿಸಿಕೊಳ್ಳಬಹುದು. ಎರಡು ಗುಂಪುಗಳಿಗೆ ಪೆನ್ಸಿಲಿನಲ್ಲಿ ಬರೆದ ಹಾಜರಿ ಪಟ್ಟಿಯ ಒಂದೊಂದು ಪ್ರತಿ ಕೊಟ್ಟೆ. ಹೆಸರುಗಳ ಕ್ರಮ ಬದಲಿಸಿ ಹೊಸ ಪಟ್ಟಿ ಮಾಡಬೇಕು. ಮೊದಲ ಗುಂಪು ಅದೇ ಹಾಳೆಯಲ್ಲಿ ಅಳಿಸಿ ಅಳಿಸಿ ಬರೆಯಬೇಕು. ಎರಡನೆಯ ಗುಂಪು ಹೊಸ ಹಾಳೆಯಲ್ಲಿ ಪೂರ್ತಿ ಬರೆದು, ಮುಗಿದ ಮೇಲೆ ಮಾತ್ರ ಹಳೆಯ ಹಾಳೆಯನ್ನು ತೆಗೆಯಬೇಕು. ನಡುವೆ ನಾನು ‘ಕರೆಂಟ್ ಹೋಯ್ತು’ ಎಂದು ಕೂಗಿದಾಗ ಎಲ್ಲರೂ ಪೆನ್ಸಿಲ್ ಕೆಳಗಿಡಬೇಕು. ಕೂಗಿದೆ. ಮೊದಲ ಗುಂಪಿನ ಹಾಳೆಯಲ್ಲಿ ಇಬ್ಬರ ಹೆಸರು ಎರಡು ಸಲ ಇತ್ತು, ನಾಲ್ವರ ಹೆಸರು ಇರಲೇ ಇಲ್ಲ. ಎರಡನೆಯ ಗುಂಪಿನ ಹೊಸ ಹಾಳೆ ಅಪೂರ್ಣವಾಗಿತ್ತು, ಆದರೆ ಹಳೆಯ ಹಾಳೆ ಹಾಗೇ ಇತ್ತು. ಅವರು ಅದರಲ್ಲೇ ಹಾಜರಿ ಕರೆಯಬಹುದಿತ್ತು.

ಈಗಿನ ವ್ಯವಸ್ಥೆಗಳೆಲ್ಲ ಬಹುತೇಕ ಎರಡನೆಯ ಗುಂಪಿನಂತೆ ಕೆಲಸ ಮಾಡಲು ನೋಡುತ್ತವೆ. ಹೊಸ ಕಡತಗಳನ್ನು ಮೊದಲು ಒಂದು ಬದಿಯಲ್ಲಿ ಸಿದ್ಧ ಮಾಡಿಟ್ಟುಕೊಳ್ಳುತ್ತವೆ. ಆಮೇಲೆ ಅದಲುಬದಲು. ಪಾಠ ನಡೆಯುವಾಗ ಶಿಕ್ಷಕರ ಕೈಯಲ್ಲಿರುವ ಹಾಜರಿ ಪುಸ್ತಕವನ್ನು ಕಿತ್ತುಕೊಂಡು ಬೇರೆಯದನ್ನು ಕೊಡಲು ಆಗುವುದಿಲ್ಲ. ಹಾಗೆಯೇ ಗಣಕ ಓಡುತ್ತಿರುವಾಗ ಬಳಕೆಯಲ್ಲಿರುವ ಕಡತಗಳನ್ನು ಬದಲಿಸಲು ಆಗುವುದಿಲ್ಲ. ಅದಕ್ಕೇ ಅಪ್‌ಡೇಟ್ ‘ರೀಸ್ಟಾರ್ಟ್’ ಕೇಳುವುದು. ಯಾರೂ ಏನನ್ನೂ ಹಿಡಿದುಕೊಂಡಿರದ ಆ ಕೆಲವು ನಿಮಿಷಗಳಲ್ಲಿ ಅದಲುಬದಲು ನಡೆಯಬೇಕು. ಏನೇನು ಬದಲಿಸಬೇಕು ಎಂಬ ಪಟ್ಟಿಯನ್ನು ವಿಂಡೋಸ್ ತನ್ನ ‘ವಿನ್‌ಎಸ್‌ಎಕ್ಸ್‌ಎಸ್’ ಎಂಬ ಕಡತಕೋಶದಲ್ಲಿ ‘ಪೆಂಡಿಂಗ್’ ಎಂಬ ಹೆಸರಿನ ಕಡತವಾಗಿ ಬರೆದಿಟ್ಟುಕೊಂಡಿರುತ್ತದೆ. ಬಾಕಿ ಕೆಲಸಗಳ ಪಟ್ಟಿ ಎಂದು ತಿಳಿಯಿರಿ. ಈ ಪಟ್ಟಿಯ ವಿಷಯ ನೆನಪಿರಲಿ, ಮುಂದೆ ನಮ್ಮನ್ನು ಕಾಪಾಡುವುದು ಇದೇ.

ಚಟುವಟಿಕೆ ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು, ‘ಎರಡು ಪುಸ್ತಕ ಇಡೋಕೆ ಜಾಗ ಬೇಕಲ್ಲ ಮಿಸ್’ ಅಂದಳು. ನನಗೆ ಬೇಕಿದ್ದ ಮುಂದಿನ ವಾಕ್ಯವನ್ನು ಅವಳೇ ಹೇಳಿಬಿಟ್ಟಳು. ಹಳೆಯದು, ಹೊಸದು ಎರಡೂ ಸ್ವಲ್ಪ ಕಾಲ ಒಟ್ಟಿಗೆ ಇರಬೇಕಾದ್ದರಿಂದಲೇ ಅಪ್‌ಡೇಟಿಗೆ ಡಿಸ್ಕಿನಲ್ಲಿ ಖಾಲಿ ಜಾಗ ಬೇಕು. ಇನ್ನೊಬ್ಬ, ಮೊಬೈಲು ಯಾಕೆ ಹೀಗೆ ಕೆಡುವುದಿಲ್ಲ ಎಂದು ಕೇಳಿದ. ಅದಕ್ಕೂ ಉತ್ತರ ಇಲ್ಲೇ ಇದೆ. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಅನೇಕ ಫೋನುಗಳಲ್ಲಿ ವ್ಯವಸ್ಥೆಯ ಕಡತಗಳಿಗೆ ‘ಎ’ ಮತ್ತು ‘ಬಿ’ ಎಂಬ ಎರಡು ಪೂರ್ಣ ವಿಭಾಗಗಳಿರುತ್ತವೆ. ‘ಎ’ ಓಡುತ್ತಿರುವಾಗ ಅಪ್‌ಡೇಟ್ ‘ಬಿ’ಯೊಳಗೆ ಕೂರುತ್ತದೆ. ಮರುಪ್ರಾರಂಭದಲ್ಲಿ ಫೋನು ‘ಬಿ’ಯಿಂದ ಏಳುತ್ತದೆ. ಏಳದಿದ್ದರೆ ‘ಎ’ಗೆ ವಾಪಸು. ಜೊತೆಗೆ ಫೋನಿಗೆ ಬ್ಯಾಟರಿ ಇದೆ, ಕಡಿಮೆ ಇದ್ದರೆ ಅದು ಅಪ್‌ಡೇಟ್ ಶುರುವೇ ಮಾಡುವುದಿಲ್ಲ.

ಬ್ಯಾಟರಿ. ನಮ್ಮ ಶಾಲೆಯ ಪ್ರಸಂಗ ಇಲ್ಲಿಂದಲೇ ಶುರು. ಶಾಲೆಗಳ ಹಳೆಯ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವು ಹೆಸರಿಗಷ್ಟೇ ಲ್ಯಾಪ್‌ಟಾಪು. ಬ್ಯಾಟರಿ ಸತ್ತು ವರ್ಷಗಳಾಗಿರುತ್ತವೆ, ಪ್ಲಗ್ ತೆಗೆದರೆ ಆ ಕ್ಷಣವೇ ಆರುತ್ತವೆ. ನಾನಿದ್ದ ಶಾಲೆಯದೂ ಹಾಗೇ. ಶಾಲೆಯಲ್ಲಿ ಅಂತರ್ಜಾಲ ಸಂಪರ್ಕವಿರಲಿಲ್ಲ. ತಿಂಗಳುಗಟ್ಟಲೆ ಹೊರಗಿನ ಸಂಪರ್ಕವಿಲ್ಲದೆ ಇದ್ದ ಯಂತ್ರಕ್ಕೆ, ವಿಡಿಯೊ ತೋರಿಸಲೆಂದು ಆಗಾಗ ಶಿಕ್ಷಕರ ಮೊಬೈಲಿನ ಹಾಟ್‌ಸ್ಪಾಟ್ ಕೊಡಲಾಗುತ್ತಿತ್ತು. ಸಿಕ್ಕ ಸಿಕ್ಕಾಗ ಅದು ಬಾಕಿ ಅಪ್‌ಡೇಟುಗಳನ್ನು ಚೂರುಚೂರಾಗಿ ಇಳಿಸಿಕೊಂಡಿತ್ತು. ಒಂದು ಶುಕ್ರವಾರ ಸಂಜೆ ಶಾಲೆ ಬಿಡುವ ಹೊತ್ತಿಗೆ ‘ಅಪ್‌ಡೇಟ್ ಅಂಡ್ ಶಟ್‌ಡೌನ್’ ಒತ್ತಲಾಗಿದೆ. ಮಳೆಗಾಳಿಗೆ ಕರೆಂಟ್ ಹೋಗಿದೆ. ಶನಿವಾರ ಬೆಳಿಗ್ಗೆ ಆನ್ ಮಾಡಿದರೆ ನೀಲಿ ಪರದೆ, ಅಳುಮೋರೆಯ ಚಿಹ್ನೆ, ಅದರ ಕೆಳಗೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ಸಂದೇಶ. ತಾನೇ ಆರಿ, ತಾನೇ ಹತ್ತಿ, ಮತ್ತೆ ಅದೇ ಪರದೆ.

(ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯೊಳಗೇ, ಪಾವಗಡದ ತಿರುಮಣಿ ಸುತ್ತ, 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಇದೆ. ಒಂದು ಲ್ಯಾಪ್‌ಟಾಪಿಗೆ ಬೇಕಾದ್ದು ಅಂದಾಜು 60 ವ್ಯಾಟ್. ಭಾಗಿಸಿ ನೋಡಿದರೆ ಬರುವ ಸಂಖ್ಯೆಯನ್ನು ಗಣಿತ ಬೋಧಿಸುವ ಮಿತ್ರರಿಗೆ ಬಿಡುತ್ತೇನೆ.)

ಆ ಲ್ಯಾಪ್‌ಟಾಪಿನಲ್ಲಿ ಏನಿತ್ತು ಎಂಬುದನ್ನು ಹೇಳಬೇಕು. ಒಂಬತ್ತನೆಯ ತರಗತಿಯ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳಿದ್ದವು. ಅವನ್ನಾದರೂ ಉತ್ತರ ಪತ್ರಿಕೆಗಳಿಂದ ಮತ್ತೆ ಬರೆಯಬಹುದಿತ್ತು. ನನ್ನ ಮಾರ್ಗದರ್ಶಕ ಶಿಕ್ಷಕರು ಹನ್ನೊಂದು ವರ್ಷಗಳಿಂದ ತಾವೇ ಟೈಪ್ ಮಾಡಿಟ್ಟ ವಿಜ್ಞಾನದ ಪ್ರಶ್ನೆಕೋಶವೂ ಅದರಲ್ಲಿತ್ತು. ಪಾಠವಾರು, ಅಂಕವಾರು, ಹಿಂದುಳಿದ ಮಕ್ಕಳಿಗೆ ಬೇರೆಯಾಗಿ ಮಾಡಿದ ಸುಲಭ ಪ್ರಶ್ನೆಗಳು. ಅದಕ್ಕೆ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಅವರ ನಿವೃತ್ತಿಗೆ ಎಂಟು ತಿಂಗಳಿತ್ತು. ಅಂಗಡಿಯವರಿಗೆ ಫೋನು ಮಾಡಿದರೆ, ‘ತಂದುಬಿಡಿ, ಫಾರ್ಮ್ಯಾಟ್ ಮಾಡಿ ಸಂಜೆಗೆ ಕೊಡ್ತೀವಿ’ ಎಂಬ ಉತ್ತರ. ಒಳಗೆ ಏನಿದೆ ಎಂದು ಅವರು ಕೇಳಲಿಲ್ಲ. ಸರ್ ಆ ದಿನ ಊಟದ ಬಿಡುವಿನಲ್ಲಿ ಡಬ್ಬಿ ತೆಗೆಯಲಿಲ್ಲ. ಮುಖ್ಯ ಶಿಕ್ಷಕರು ಸೋಮವಾರದವರೆಗೆ ಕಾಯೋಣ ಎಂದು ಒಪ್ಪಿಕೊಂಡರು. ಯಂತ್ರವನ್ನು ನೋಡುವ ಕೆಲಸ ನನಗೆ ಮತ್ತು ಗಣಿತದ ಸಹಪಾಠಿಗೆ ಬಂತು.

ಇಂಥ ಸ್ಥಿತಿಯಲ್ಲಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು, ವ್ಯವಸ್ಥೆ ಏಳದಿರುವುದು ಬೇರೆ, ಕಡತಗಳು ಹಾಳಾಗಿರುವುದು ಬೇರೆ. ಶಾಲೆಯ ಬಾಗಿಲಿನ ಬೀಗ ಕೆಟ್ಟರೆ ಒಳಗಿನ ಬೆಂಚುಗಳು ಮುರಿದಿರುವುದಿಲ್ಲ. ಅರ್ಧಕ್ಕೆ ನಿಂತ ಅಪ್‌ಡೇಟ್ ಮುಟ್ಟುವುದು ವ್ಯವಸ್ಥೆಯ ಕಡತಗಳನ್ನು. ನಮ್ಮ ದಾಖಲೆಗಳು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ. ಆದ್ದರಿಂದ ಕ್ರಮ ಹೀಗೆ: ಮೊದಲು ದಾಖಲೆ ಹೊರತೆಗೆಯುವುದು, ಆಮೇಲೆ ರಿಪೇರಿ. ತಿರುಗಿಸಿ ಮಾಡಿದರೆ ರಿಪೇರಿಯೇ ದಾಖಲೆಯನ್ನು ತಿಂದುಬಿಡಬಹುದು. ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಅದು ಅಪ್‌ಡೇಟಿನ ದೋಷವಲ್ಲ, ಡಿಸ್ಕೇ ಸಾಯುತ್ತಿದೆ. ಆಗ ಏನೂ ಮಾಡದೆ ಆಫ್ ಮಾಡಿ ತಿಳಿದವರಿಗೆ ಕೊಡುವುದೇ ಸರಿ. ನಮ್ಮದರಲ್ಲಿ ಸದ್ದಿರಲಿಲ್ಲ.

ಏಳದ ಯಂತ್ರದಿಂದ ಕಡತ ತೆಗೆಯುವುದು ಹೇಗೆ? ಬೇರೆ ವ್ಯವಸ್ಥೆಯಿಂದ ಅದನ್ನು ಎಬ್ಬಿಸಬೇಕು. ಉಬುಂಟು ಎಂಬ ಮುಕ್ತ ತಂತ್ರಾಂಶ ಇದಕ್ಕೆ ಬಹಳ ಅನುಕೂಲ. ಬೇರೊಂದು ಗಣಕದಲ್ಲಿ ಅದನ್ನು ಇಳಿಸಿಕೊಂಡು, ‘ರೂಫಸ್’ನಂಥ ತಂತ್ರಾಂಶದಿಂದ 8 ಜಿಬಿಯ ಪೆನ್‌ಡ್ರೈವಿಗೆ ಬರೆಯಬೇಕು (ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ, ಖಾಲಿಯದನ್ನೇ ಬಳಸಿ). ಲ್ಯಾಪ್‌ಟಾಪ್ ಆನ್ ಮಾಡುವಾಗ ಬೂಟ್ ಮೆನುವಿನ ಕೀಲಿ ಒತ್ತಬೇಕು. ಅದು ಒಂದೊಂದು ಕಂಪನಿಯದರಲ್ಲಿ ಒಂದೊಂದು: ಎಫ್12, ಎಫ್9, ಎಸ್ಕೇಪ್. ಪೆನ್‌ಡ್ರೈವ್ ಆರಿಸಿದರೆ ಉಬುಂಟು ತೆರೆದು ‘ಟ್ರೈ’ ಮತ್ತು ‘ಇನ್‌ಸ್ಟಾಲ್’ ಎಂಬ ಎರಡು ಆಯ್ಕೆ ಕೊಡುತ್ತದೆ. ‘ಟ್ರೈ’ ಮಾತ್ರ. ‘ಇನ್‌ಸ್ಟಾಲ್’ ಒತ್ತಿ ಮುಂದುವರಿದರೆ ಅಂಗಡಿಯವರ ಫಾರ್ಮ್ಯಾಟನ್ನು ನಾವೇ ಮಾಡಿದಂತೆ. ‘ಟ್ರೈ’ಯಲ್ಲಿ ಅದು ಪೆನ್‌ಡ್ರೈವ್ ಮತ್ತು ರ್ಯಾಮ್‌ನಲ್ಲೇ ಓಡುತ್ತದೆ, ಡಿಸ್ಕಿಗೆ ಏನೂ ಬರೆಯುವುದಿಲ್ಲ. ವಿಂಡೋಸ್ ಸರಿಯಾಗಿ ಮುಚ್ಚಿರದ ಕಾರಣ ಅದರ ಡ್ರೈವನ್ನು ‘ರೀಡ್ ಓನ್ಲಿ’ ಎಂದು ಹೇಳಿ ತೆರೆಯಬೇಕಾಗಬಹುದು. ನಮಗೆ ಓದುವುದಷ್ಟೇ ಬೇಕು, ಆದ್ದರಿಂದ ಅದು ಒಳ್ಳೆಯದೇ.

ಇಲ್ಲಿ ಒಂದು ಎಚ್ಚರಿಕೆ. ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ‘ಬಿಟ್‌ಲಾಕರ್’ ಎಂಬ ಬೀಗದಲ್ಲಿರಬಹುದು. ಆಗ 48 ಅಂಕಿಗಳ ಕೀಲಿ ಇಲ್ಲದೆ ಹೊರಗಿನ ಯಾವ ವ್ಯವಸ್ಥೆಗೂ ಅದು ತೆರೆಯದು. ಆ ಕೀಲಿಯನ್ನು ಯಂತ್ರ ಚೆನ್ನಾಗಿರುವಾಗಲೇ ಬರೆದು ಶಾಲೆಯ ಬೀರುವಿನಲ್ಲಿಡಬೇಕು. ನಮ್ಮದು ಹಳೆಯ ಯಂತ್ರ, ಬೀಗವಿರಲಿಲ್ಲ.

ಡ್ರೈವ್ ತೆರೆದುಕೊಂಡಿತು. ಅಂಕಪಟ್ಟಿಗಳು, ಪ್ರಶ್ನೆಕೋಶದ ಕಡತಕೋಶ ಎಲ್ಲವೂ ಇದ್ದವು. ನಕಲು ಮಾಡಿ ಒಂದೆರಡನ್ನು ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ, ಬರೀ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಕಡತ ಕೆಟ್ಟಿದೆ ಎಂದು ಯಾರಿಗಾದರೂ ಅನ್ನಿಸಬೇಕು. ಕೆಟ್ಟಿರಲಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಟೈಪ್ ಮಾಡಿದ ಪಠ್ಯ ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರಭಾಗಗಳ ಚಿತ್ರಗಳನ್ನು ಕೂರಿಸಿದ ಫಾಂಟ್ ಅದು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಅದರ ಕೆಳಗಿನ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ನಮ್ಮ ಶಾಲೆಗಳಲ್ಲಿ, ಕಚೇರಿಗಳಲ್ಲಿ ಹತ್ತಿಪ್ಪತ್ತು ವರ್ಷಗಳ ಕಡತಗಳು ಇದೇ ರೂಪದಲ್ಲಿವೆ. ಫಾರ್ಮ್ಯಾಟ್ ಆದ ಮೇಲೆ ‘ಎಲ್ಲಾ ಹಾಳಾಗಿದೆ’ ಎಂದು ಜನ ಅಳಿಸಿಹಾಕಿದ್ದರಲ್ಲಿ ಎಷ್ಟು ಕಡತಗಳು ನಿಜಕ್ಕೂ ಚೆನ್ನಾಗಿದ್ದವೋ. ದಾಖಲೆಗಳ ಜೊತೆಗೆ ವಿಂಡೋಸ್ ಕಡತಕೋಶದೊಳಗಿನ ‘ಫಾಂಟ್ಸ್’ನಿಂದ ನುಡಿಯ ಫಾಂಟುಗಳನ್ನೂ ನಕಲು ಮಾಡಿಕೊಂಡೆವು. ಇದನ್ನು ಮರೆಯಬಾರದು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಪ್ರಶ್ನೆಕೋಶ ಎರಡು ಪೆನ್‌ಡ್ರೈವುಗಳಲ್ಲಿತ್ತು. ಒಂದನ್ನು ಸರ್ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು.

ಇನ್ನು ರಿಪೇರಿ. ವಿಂಡೋಸ್ 10, 11ರಲ್ಲಿ ದುರಸ್ತಿಗೆಂದೇ ಒಂದು ಪುಟ್ಟ ಪರಿಸರ ಡಿಸ್ಕಿನ ಬೇರೆ ಭಾಗದಲ್ಲಿರುತ್ತದೆ. ಬೂಟ್ ಎರಡು ಸಲ ವಿಫಲವಾದರೆ ಮುಂದಿನ ಸಲ ಅದು ತಾನೇ ತೆರೆಯಬೇಕು. ತೆರೆಯದಿದ್ದರೆ, ಲಾಂಛನ ಕಂಡ ಕೂಡಲೇ ಪವರ್ ಗುಂಡಿಯನ್ನು ಒತ್ತಿಹಿಡಿದು ಆರಿಸುವುದನ್ನು ಎರಡು ಮೂರು ಸಲ ಮಾಡಿದರೆ ಬರುತ್ತದೆ. ಅದರಲ್ಲಿ ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್ಡ್ ಆಪ್ಷನ್ಸ್’. ಇಲ್ಲಿನ ಆಯ್ಕೆಗಳನ್ನು ಮೃದುವಾದದ್ದರಿಂದ ಕಠಿಣದ ಕಡೆಗೆ ಪ್ರಯತ್ನಿಸಬೇಕು. ‘ಸ್ಟಾರ್ಟ್‌ಅಪ್ ರಿಪೇರ್’ ಮೊದಲು. ಆಮೇಲೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’. ಅದರಲ್ಲಿ ತಿಂಗಳ ಸಣ್ಣ ಅಪ್‌ಡೇಟ್ ತೆಗೆಯುವುದು ಒಂದು ಆಯ್ಕೆ, ವರ್ಷಕ್ಕೊಮ್ಮೆ ಬರುವಂಥ ದೊಡ್ಡ ಅಪ್‌ಡೇಟ್ ತೆಗೆಯುವುದು ಇನ್ನೊಂದು. ಆಮೇಲೆ ‘ಸಿಸ್ಟಮ್ ರಿಸ್ಟೋರ್’. ಎಲ್ಲದರ ಕೊನೆಗೆ ‘ರೀಸೆಟ್’. ಅನೇಕರು ಮೇಲಿನ ಸಾಲಿನಲ್ಲೇ ಕಾಣುವ ‘ರೀಸೆಟ್’ ಅನ್ನೇ ಮೊದಲು ಒತ್ತುತ್ತಾರೆ. ಹಾಗೆ ಮಾಡಿದರೆ ಹಾಕಿದ್ದ ತಂತ್ರಾಂಶಗಳೆಲ್ಲ ಹೋಗುತ್ತವೆ.

ನಮ್ಮದರಲ್ಲಿ ‘ಸ್ಟಾರ್ಟ್‌ಅಪ್ ರಿಪೇರ್’ ಕೈಚೆಲ್ಲಿತು. ಅಪ್‌ಡೇಟ್ ತೆಗೆಯುವ ಆಯ್ಕೆಯೂ ಆಗುವುದಿಲ್ಲ ಎಂದಿತು. ಯಾಕೆಂದರೆ ಅಪ್‌ಡೇಟ್ ಇನ್ನೂ ‘ಆಗಿರಲಿಲ್ಲ’. ಆಗದೇ ಇರುವುದನ್ನು ತೆಗೆಯುವುದು ಹೇಗೆ? ಬಾಕಿ ಕೆಲಸಗಳ ಪಟ್ಟಿ ಬೇಕಾಗುವುದು ಇಲ್ಲಿ. ಅದೇ ಮೆನುವಿನ ‘ಕಮಾಂಡ್ ಪ್ರಾಂಪ್ಟ್’ ತೆರೆದು, ಬಾಕಿ ಕೆಲಸಗಳನ್ನು ಕೈಬಿಟ್ಟು ಹಿಂದಿನ ಸ್ಥಿತಿಗೆ ಹೋಗು ಎಂದು ‘ಡಿಐಎಸ್‌ಎಂ’ ಎಂಬ ಸಾಧನಕ್ಕೆ ಹೇಳಬಹುದು. ಆಜ್ಞೆಯಲ್ಲಿ ಮೂರು ಭಾಗ, ಪ್ರತಿಯೊಂದರ ಹಿಂದೆ ಒಂದು ಓರೆಗೆರೆ: ‘ಇಮೇಜ್’ ಎಂದು ಬರೆದು ವಿಂಡೋಸ್ ಇರುವ ಡ್ರೈವಿನ ಹೆಸರು, ಆಮೇಲೆ ‘ಕ್ಲೀನಪ್-ಇಮೇಜ್’, ಕೊನೆಗೆ ‘ರಿವರ್ಟ್‌ಪೆಂಡಿಂಗ್‌ಆಕ್ಷನ್ಸ್’. ಒಂದು ತೊಡಕು ಎಂದರೆ ಈ ಪರಿಸರದಲ್ಲಿ ಡ್ರೈವುಗಳ ಅಕ್ಷರ ಬದಲಾಗಿರುತ್ತದೆ. ಎಂದಿನ ‘ಸಿ’ ಇಲ್ಲಿ ‘ಡಿ’ ಆಗಿರಬಹುದು. ಆದ್ದರಿಂದ ‘ಡಿಐಆರ್’ ಎಂಬ ಆಜ್ಞೆ ಕೊಟ್ಟು ಯಾವ ಡ್ರೈವಿನಲ್ಲಿ ‘ವಿಂಡೋಸ್’ ಕಡತಕೋಶ ಕಾಣುತ್ತದೆ ಎಂದು ನೋಡಿಯೇ ಮುಂದುವರಿಯಬೇಕು. ಕರೆಂಟ್ ಹೋದ ಯಂತ್ರವಾದ್ದರಿಂದ ಅದಕ್ಕೂ ಮೊದಲು ‘ಚೆಕ್‌ಡಿಸ್ಕ್’ ಓಡಿಸಿ ಡಿಸ್ಕಿನ ಲೆಕ್ಕಪತ್ರ ಸರಿಪಡಿಸಿಕೊಂಡೆವು.

ಆಜ್ಞೆ ಕೊಟ್ಟ ಮೇಲೆ ಶೇಕಡಾವಾರು ಸಂಖ್ಯೆ ನಿಧಾನವಾಗಿ ಏರಿತು, ನಡುವೆ ಬಹಳ ಹೊತ್ತು ನಿಂತಂತೆ ಕಂಡಿತು, ಮುಗಿಯಿತು. ಮರುಪ್ರಾರಂಭದಲ್ಲಿ ‘ಅನ್‌ಡೂಯಿಂಗ್ ಚೇಂಜಸ್’ ಎಂಬ ಪರದೆ ಬಂತು. ಈ ಪರದೆಯಲ್ಲಿ ಅರ್ಧ ಗಂಟೆ, ಒಂದು ಗಂಟೆಯೂ ಆಗಬಹುದು. ಡಿಸ್ಕಿನ ದೀಪ ಮಿನುಗುತ್ತಿದ್ದರೆ ಆರಿಸಬಾರದು. ನಿಂತಿದೆ ಎಂದು ಆರಿಸುವವರಿಂದಲೇ ಸಣ್ಣ ತೊಂದರೆ ದೊಡ್ಡದಾಗುತ್ತದೆ. ಲಾಗಿನ್ ಪರದೆ ಬಂದಾಗ ಸಮಯ ಐದೂಕಾಲು.

ಎದ್ದಿತೆಂದು ಕೆಲಸ ಮುಗಿಯಲಿಲ್ಲ, ಯಾಕೆ ಬಿತ್ತು ಎಂದು ನೋಡಬೇಕಿತ್ತು. ಕರೆಂಟ್ ಒಂದು ಕಾರಣ ಸರಿ. ಆದರೆ ‘ಸಿ’ ಡ್ರೈವ್ ತೆರೆದರೆ ಅದರಲ್ಲಿ 1 ಜಿಬಿಯೂ ಖಾಲಿ ಇರಲಿಲ್ಲ. ಹಳೆಯ ಪಾಠದ ವಿಡಿಯೊಗಳು, ಮೂರು ವರ್ಷದ ಪ್ರತಿಭಾ ಕಾರಂಜಿಯ ಫೋಟೊಗಳು, ಯಾರದೋ ಮದುವೆಯ ವಿಡಿಯೊ. ಹೊಸ ಹಾಳೆಗೆ ಜಾಗವೇ ಇಲ್ಲದ ಕಡೆ ಕೆಲಸ ನಿಧಾನವಾಗುತ್ತದೆ, ನಿಧಾನವಾದಷ್ಟೂ ಕರೆಂಟಿನ ಜೂಜು ದೊಡ್ಡದು. ದೊಡ್ಡ ಅಪ್‌ಡೇಟಿಗೆ ಮೊದಲು 20 ಜಿಬಿಯಷ್ಟು ಖಾಲಿ ಇಟ್ಟುಕೊಳ್ಳುವುದು ಒಳ್ಳೆಯದು. ವಿಡಿಯೊಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಿ, ‘ಡಿಸ್ಕ್ ಕ್ಲೀನಪ್’ ಮಾಡಿ, ಆಮೇಲೆ ‘ಎಸ್‌ಎಫ್‌ಸಿ ಸ್ಕ್ಯಾನ್‌ನೌ’ ಎಂಬ ಪರೀಕ್ಷೆಯಿಂದ ವ್ಯವಸ್ಥೆಯ ಕಡತಗಳು ನೆಟ್ಟಗಿವೆಯೇ ಎಂದು ನೋಡಿದೆವು. ಸೋಮವಾರ ಅದೇ ಅಪ್‌ಡೇಟನ್ನು ಕಚೇರಿಯ ಯುಪಿಎಸ್‌ಗೆ ಸಿಕ್ಕಿಸಿ, ಪ್ರೊಜೆಕ್ಟರ್, ಪ್ರಿಂಟರ್, ಮೌಸ್ ಎಲ್ಲವನ್ನೂ ಕಳಚಿ, ಬೆಳಗಿನ ಅವಧಿಯಲ್ಲೇ ಹಾಕಿದೆವು. ಕೂತಿತು. ಹಾಟ್‌ಸ್ಪಾಟ್ ಸಂಪರ್ಕವನ್ನು ಸೆಟ್ಟಿಂಗ್ಸ್‌ನಲ್ಲಿ ‘ಮೀಟರ್ಡ್’ ಎಂದು ಗುರುತಿಸಿಟ್ಟರೆ ಮುಂದೆ ಮೊಬೈಲಿನ ಡೇಟಾದಲ್ಲಿ ದೊಡ್ಡ ಅಪ್‌ಡೇಟುಗಳು ಹೇಳದೆ ಕೇಳದೆ ಇಳಿಯುವುದು ಬಹುಮಟ್ಟಿಗೆ ನಿಲ್ಲುತ್ತದೆ.

ದೋಷಸಂಕೇತಗಳನ್ನು ಓದುವ ಅಭ್ಯಾಸವನ್ನೂ ಮಾಡಿಕೊಳ್ಳಬೇಕು. ಅವು ಬೈಗುಳವಲ್ಲ, ವಿಳಾಸ. ‘0ಎಕ್ಸ್80070070’ ಎಂದರೆ ಜಾಗ ಸಾಲದು. ದೊಡ್ಡ ಅಪ್‌ಡೇಟ್ ಬಿದ್ದಾಗ ‘0ಎಕ್ಸ್‌ಸಿ1900101’ ಎಂದು ಶುರುವಾದರೆ ಬಹುತೇಕ ಯಾವುದೋ ಡ್ರೈವರ್‌ನ ತಕರಾರು. ಅದರ ಜೊತೆಗೆ ಬರುವ ಎರಡನೆಯ ಸಂಖ್ಯೆಯ ಮೊದಲ ಅಂಕಿ, ಬಿದ್ದದ್ದು ಯಾವ ಹಂತದಲ್ಲಿ ಎಂದು ಹೇಳುತ್ತದೆ. 1 ಎಂದರೆ ಹಳೆಯ ವ್ಯವಸ್ಥೆಯಲ್ಲಿರುವಾಗಲೇ, 2 ಎಂದರೆ ದುರಸ್ತಿ ಪರಿಸರದಲ್ಲಿ, 3 ಎಂದರೆ ಹೊಸದರ ಮೊದಲ ಬೂಟಿನಲ್ಲಿ, 4 ಎಂದರೆ ಎರಡನೆಯದರಲ್ಲಿ. 2024ರ ಜನವರಿಯಲ್ಲಿ ಬಂದ ವಿಂಡೋಸ್ 10ರ ಒಂದು ಅಪ್‌ಡೇಟ್ ಅನೇಕ ಯಂತ್ರಗಳಲ್ಲಿ ‘0ಎಕ್ಸ್80070643’ ಎಂದು ಮತ್ತೆ ಮತ್ತೆ ಬಿದ್ದಿತು. ಕಾರಣ, ದುರಸ್ತಿ ಪರಿಸರ ಇರುವ ವಿಭಾಗದಲ್ಲೇ 250 ಎಂಬಿ ಜಾಗ ಸಾಲದೇ ಹೋದದ್ದು. ‘ಸಿ’ ಡ್ರೈವ್ ಎಷ್ಟು ಖಾಲಿ ಮಾಡಿದರೂ ಅದು ಸರಿಹೋಗುತ್ತಿರಲಿಲ್ಲ. ಸಂದೇಶದ ಫೋಟೊ ತೆಗೆದಿಟ್ಟುಕೊಂಡರೆ ಮುಂದೆ ಸಹಾಯ ಮಾಡುವವರ ಅರ್ಧ ಕೆಲಸ ಮುಗಿಯುತ್ತದೆ.

ಕೆಲವು ಶಾಲೆಗಳ ಗಣಕಗಳಲ್ಲಿ ಉಬುಂಟು ಇರುತ್ತದೆ. ಅದರಲ್ಲೂ ಕರೆಂಟ್ ಹೋಗಿ ಅಪ್‌ಡೇಟ್ ನಿಲ್ಲುತ್ತದೆ, ಆದರೆ ಅದು ತನಗೇನು ಬೇಕೆಂದು ನೇರವಾಗಿ ಹೇಳುವುದು ನನಗೆ ಇಷ್ಟ. ‘ಡಿಪಿಕೆಜಿ ನಡುವೆ ನಿಂತಿದೆ, ಈ ಆಜ್ಞೆ ಕೊಡಿ’ ಎಂದು ಆಜ್ಞೆಯನ್ನೇ ಬರೆದು ತೋರಿಸುತ್ತದೆ: ‘ಸುಡೊ ಡಿಪಿಕೆಜಿ’, ಎರಡು ಅಡ್ಡಗೆರೆ ಹಾಕಿ ‘ಕಾನ್ಫಿಗರ್’, ಒಂದು ಅಡ್ಡಗೆರೆ ಹಾಕಿ ‘ಎ’. ಅರ್ಧಕ್ಕೆ ನಿಂತದ್ದೆಲ್ಲ ಮುಂದುವರಿಯುತ್ತದೆ. ಹೊಸ ಕರ್ನೆಲ್‌ನಿಂದ ಏಳದಿದ್ದರೆ, ಶುರುವಿನ ‘ಗ್ರಬ್’ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಿಂದಿನ ಕರ್ನೆಲ್ ಇನ್ನೂ ಇರುತ್ತದೆ, ಅದನ್ನು ಆರಿಸಿದರೆ ಸಾಕು.

ತಪ್ಪು ಯಾವಾಗಲೂ ನಮ್ಮ ಕಡೆಯದೇ ಎಂದೇನಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಕಂಪನಿ ಭಾರತೀಯ ಕಾಲಮಾನ ಬೆಳಿಗ್ಗೆ 9.39ಕ್ಕೆ ಒಂದು ಸಣ್ಣ ಕಡತವನ್ನು ಅಪ್‌ಡೇಟ್ ಆಗಿ ಕಳಿಸಿತು. ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಬೆಂಗಳೂರು ಸೇರಿದಂತೆ ದೇಶದ ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ಅಸ್ತವ್ಯಸ್ತವಾಯಿತು, ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸುಗಳ ಚಿತ್ರಗಳನ್ನು ಆ ದಿನ ಎಲ್ಲರೂ ನೋಡಿದ್ದೇವೆ. ಕಂಪನಿಯೇ ನಂತರ ತಿಳಿಸಿದ ಕಾರಣವನ್ನು ಶಿಕ್ಷಕರ ಭಾಷೆಯಲ್ಲಿ ಹೇಳುವುದು ಸುಲಭ. ಹೊಸ ಕಡತ 21 ಅಂಶಗಳನ್ನು ನಿರೀಕ್ಷಿಸುವಂತಿತ್ತು, ಯಂತ್ರದಲ್ಲಿದ್ದ ತಂತ್ರಾಂಶ ಕೊಡುತ್ತಿದ್ದದ್ದು 20. ಇಪ್ಪತ್ತೇ ಪ್ರಶ್ನೆಗೆ ಉತ್ತರಿಸಿದ ಪತ್ರಿಕೆಯಲ್ಲಿ 21ನೆಯ ಉತ್ತರಕ್ಕೆ ಅಂಕ ಹಾಕಲು ಹೋದ ಮೌಲ್ಯಮಾಪಕ, ಪುಟ ತಿರುಗಿಸಿ ಪಕ್ಕದವನ ಪತ್ರಿಕೆಗೆ ಕೈಹಾಕಿದಂತೆ. ವ್ಯವಸ್ಥೆಯ ತಿರುಳಿನಲ್ಲೇ ಇಂಥದ್ದು ನಡೆದರೆ ವಿಂಡೋಸ್ ಮುಂದುವರಿಯುವುದಕ್ಕಿಂತ ನಿಲ್ಲುವುದನ್ನೇ ಆರಿಸಿಕೊಳ್ಳುತ್ತದೆ. 10.57ಕ್ಕೆ ಕಂಪನಿ ಆ ಕಡತವನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಬಿದ್ದಿದ್ದ ಯಂತ್ರಗಳಲ್ಲಿ ಬಹಳಷ್ಟಕ್ಕೆ ಒಂದೊಂದರ ಮುಂದೆಯೂ ಮನುಷ್ಯ ಕೂತು ಸೇಫ್ ಮೋಡ್‌ಗೆ ಹೋಗಿ ಅಳಿಸಬೇಕಾಯಿತು. ನೀಲಿ ಪರದೆ ಕಂಡಾಗ ಹಳ್ಳಿಶಾಲೆಯ ಶಿಕ್ಷಕರು ‘ನಮಗೆ ಬರೋದಿಲ್ಲ’ ಎಂದು ನಾಚುವುದನ್ನು ನಾನು ಕಂಡಿದ್ದೇನೆ. ಆ ದಿನ ದೊಡ್ಡ ದೊಡ್ಡ ಕಂಪನಿಗಳ ಎಂಜಿನಿಯರುಗಳು ಮಾಡಿದ್ದೂ ನಾವು ಶನಿವಾರ ಮಾಡಿದ್ದೂ ಹೆಚ್ಚು ಬೇರೆಯಲ್ಲ.

ಹಾಗಾದರೆ ಅಪ್‌ಡೇಟೇ ಬೇಡ ಎಂದು ಮುಚ್ಚಿಬಿಡುವುದೇ? ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಈ ಮಾತೂ ಬಂತು. ನನ್ನ ಅಭಿಪ್ರಾಯ, ಬೇಡ. ಊರೆಲ್ಲ ಸುತ್ತಿ ಬರುವ ಪೆನ್‌ಡ್ರೈವುಗಳು ಚುಚ್ಚಿಕೊಳ್ಳುವ ಯಂತ್ರ ಅದು, ರಕ್ಷಣೆ ಇಲ್ಲದೆ ಬಿಡುವಂತಿಲ್ಲ. ಆದರೆ ಯಾವಾಗ ಹಾಕಬೇಕು ಎಂಬುದನ್ನು ನಾವು ನಿರ್ಧರಿಸಬಹುದು. ಪರೀಕ್ಷೆಯ ಹಿಂದಿನ ದಿನ ಬೇಡ, ಅಂಕ ತುಂಬುವ ವಾರ ಬೇಡ, ಸಂಜೆ ಬೇಡ. ಇನ್ನೊಂದು ಸಮಸ್ಯೆ ಬೇರೆಯೇ ಇದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಚಿಪ್ ಮತ್ತು ಹೊಸ ತಲೆಮಾರಿನ ಪ್ರೊಸೆಸರ್ ಶಾಲೆಯ ಆ ಲ್ಯಾಪ್‌ಟಾಪಿನಲ್ಲಿಲ್ಲ. ಉಬುಂಟು ಹಾಕುವುದೇ ಹೊಸ ಯಂತ್ರಕ್ಕೆ ಕಾಯುವುದೇ ಎಂದು ಮುಖ್ಯ ಶಿಕ್ಷಕರು ಇನ್ನೂ ತೀರ್ಮಾನಿಸಿಲ್ಲ. ಹೊಸ ಬ್ಯಾಟರಿ ಮಾತ್ರ ಬಂದಿದೆ.

ಈ ನಡುವೆ ಪ್ರಶ್ನೆಕೋಶವನ್ನು ಯೂನಿಕೋಡ್‌ಗೆ ಬದಲಿಸುವ ಕೆಲಸ ಶುರುಮಾಡಿದ್ದೇವೆ, ಹಾಗೆ ಮಾಡಿದರೆ ಮುಂದೆ ಯಾವ ಯಂತ್ರದಲ್ಲಾದರೂ, ಮೊಬೈಲಿನಲ್ಲೂ ಓದಬಹುದು. ಪರಿವರ್ತಕ ತಂತ್ರಾಂಶಗಳಿವೆ, ಆದರೆ ಕಣ್ಣುಮುಚ್ಚಿ ನಂಬುವಂತಿಲ್ಲ. ಕನ್ನಡದ ನಡುವೆ ಇಂಗ್ಲಿಷಿನಲ್ಲಿ ಬರೆದಿದ್ದ ರಾಸಾಯನಿಕ ಸೂತ್ರಗಳನ್ನೂ ಅದು ನುಡಿ ಅಕ್ಷರಗಳೆಂದೇ ತಿಳಿದು ಕನ್ನಡ ಮಾಡಿಬಿಡುತ್ತದೆ. ನೀರು, ಗಂಧಕಾಮ್ಲ, ಸೋಡಿಯಂ ಕ್ಲೋರೈಡ್ ಎಲ್ಲವೂ ಅರ್ಥವಿಲ್ಲದ ಅಕ್ಷರಗಳಾಗಿ ಬರುತ್ತವೆ. ಅರ್ಕಾವೊತ್ತು ಇರುವ ಪದಗಳನ್ನೂ ಒಂದೊಂದಾಗಿ ನೋಡಬೇಕು. ಸರ್ ಹಳೆಯ ಮುದ್ರಿತ ಪ್ರತಿ ಹಿಡಿದು ಓದುತ್ತಾರೆ, ನಾವು ತಿದ್ದುತ್ತೇವೆ. ಹತ್ತನೆಯ ತರಗತಿಯ ರಸಾಯನಶಾಸ್ತ್ರ ಮುಗಿದಿದೆ, ಭೌತಶಾಸ್ತ್ರದಲ್ಲಿ ಎರಡು ಪಾಠ ಬಾಕಿ, ಜೀವಶಾಸ್ತ್ರ ಇನ್ನೂ ಮುಟ್ಟಿಲ್ಲ.